ಸಹಾಯ ಬೇಕು: ಕ್ರೀಮ್ ಇಲ್ಲದೆ ಮೀನಿನ ಪಾಸ್ತಾ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ವೈದ್ಯರು ಜಿಡ್ಡು ಕಡಿಮೆ ಮಾಡಲು ಹೇಳಿರುವುದರಿಂದ, ಮನೆಯವರೆಲ್ಲ ಇಷ್ಟಪಡುವ ಕ್ರೀಮ್ ಹಾಕಿದ ಮೀನಿನ ಪಾಸ್ತಾವನ್ನು ಹಗುರವಾಗಿ ಮಾಡಬೇಕಾಗಿದೆ. ಪೊಟ್ಟಣದ ಫ್ರೆಶ್ ಕ್ರೀಮ್‌ನಲ್ಲಿ ಸುಮಾರು ಶೇ. 25ರಷ್ಟು ಕೊಬ್ಬಿದ್ದರೆ ಟೋನ್ಡ್ ಹಾಲಿನಲ್ಲಿ ಶೇ. 3 ಮಾತ್ರ, ಆದ್ದರಿಂದ ಹಾಲಿಗೆ ಕಾರ್ನ್‌ಫ್ಲೋರ್ ಕದಡಿ, ಪಾಸ್ತಾ ಬಸಿದ ನೀರನ್ನೂ ಸೇರಿಸಿ ಕುದಿಸುತ್ತಿದ್ದೇನೆ, ಆದರೆ ಆರುತ್ತಿದ್ದಂತೆ ಸಾಸ್ ಅಂಟಿನ ಹಾಗೆ ಗಟ್ಟಿಯಾಗಿ ಚಮಚಕ್ಕೆ ಅಂಟಿಕೊಳ್ಳುತ್ತದೆ. ಗಟ್ಟಿ ಮೊಸರು ಕುದಿಗೆ ಒಡೆಯುತ್ತದೆ. ಒಲೆ ಆರಿಸಿ ಬೆರೆಸಿದರೆ ಒಡೆಯದಿದ್ದರೂ ಅದರ ಹುಳಿ ಮೀನಿನ ರುಚಿಯನ್ನೇ ಮುಚ್ಚಿಬಿಡುತ್ತದೆ. (ಗೋಡಂಬಿ ಅರೆದು ಹಾಕಿ ಎನ್ನಬೇಡಿ, ಅದೂ ಜಿಡ್ಡೇ.) ಇಲ್ಲಿ ಮೈಸೂರಿನಲ್ಲಿ ಸಿಗುವ ಜಿಲೇಬಿ ಮೀನನ್ನೇ (ತಿಲಾಪಿಯಾ) ಮುಳ್ಳು ತೆಗೆಸಿ ಬಳಸುತ್ತೇನೆ. ಅದು ಪುಡಿಯಾಗದಂತೆ ಕೊನೆಗೆ ಸೇರಿಸಬೇಕೋ ಅಥವಾ ಹಾಲಿನಲ್ಲೇ ಬೇಯಿಸಿ ಆ ಹಾಲಿನಿಂದಲೇ ಸಾಸ್ ಮಾಡಬೇಕೋ, ನಾಲ್ವರಿಗೆ ಆಗುವ ಅಳತೆಯೊಂದಿಗೆ ದಯವಿಟ್ಟು ತಿಳಿಸಿ.