ಸಾರಿಗೆಗೆ ಅರ್ಧ ಸೆಂಟ್ ಮಾರಾಟ ತೆರಿಗೆ: ಹಿಂದೆ ಮತ ಹಾಕಿದವರ ಅನುಭವ ಬೇಕು

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಐದು ಕೌಂಟಿಗಳಲ್ಲಿ ಪ್ರಾದೇಶಿಕ ಸಾರಿಗೆಗಾಗಿ ಮಾರಾಟ ತೆರಿಗೆಯನ್ನು 2026ರ ನವೆಂಬರ್ ಮತಪತ್ರಕ್ಕೆ ತರಲು ಸಹಿ ಸಂಗ್ರಹ ನಡೆದಿದೆ. ನಮ್ಮೂರಿನ ನಗರಸಭೆಯೂ ಕಳೆದ ವಾರ ಅದನ್ನು ಬೆಂಬಲಿಸಿ ನಿರ್ಣಯ ಮಾಡಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಾಲರಿಗೆ ಒಂದು ಸೆಂಟ್, ಉಳಿದ ನಾಲ್ಕು ಕೌಂಟಿಗಳಲ್ಲಿ ಅರ್ಧ ಸೆಂಟ್, ಹದಿನಾಲ್ಕು ವರ್ಷಗಳ ಕಾಲ. ಪೌರತ್ವ ಸಿಕ್ಕ ಮೇಲೆ ಇದು ನನ್ನ ಮೊದಲ ಮತ. ಮನೆಯಿಂದಲೇ ಕೆಲಸ ಮಾಡುವವಳು, ರೈಲು ಹತ್ತುವುದು ತಿಂಗಳಿಗೊಮ್ಮೆ. ಇಂಥ ತೆರಿಗೆಗೆ ಹೌದು ಎಂದವರಿಗೆ ಕೊನೆಗೆ ಸಿಕ್ಕಿದ್ದೇನು?

ಲಿವರ್ಮೋರ್ ನಿವಾಸಿ: 2014ರಲ್ಲಿ ಅಲಮೀಡಾ ಕೌಂಟಿಯ ಮೆಷರ್ ಬಿಬಿ ಎಂಬ ಸಾರಿಗೆ ತೆರಿಗೆಯ ಪ್ರಸ್ತಾಪಕ್ಕೆ ಕಣ್ಣು ಮುಚ್ಚಿಕೊಂಡು ಹೌದು ಎಂದವನು ನಾನು. ಲಿವರ್ಮೋರಿಗೆ ಬಾರ್ಟ್ ರೈಲು ತರಲು 40 ಕೋಟಿ ಡಾಲರ್ ಎಂದು ವೆಚ್ಚದ ಯೋಜನೆಯಲ್ಲಿ ಅಚ್ಚಾಗಿತ್ತು. ಮನೆ ತೋರಿಸಿದ ಏಜೆಂಟ್ ಕೂಡ ಅದನ್ನೇ ಹೇಳಿ ನಂಬಿಸಿದ್ದ. 2018ರ ಮೇ ತಿಂಗಳಲ್ಲಿ ಆ ವಿಸ್ತರಣೆಯನ್ನು ಕೈಬಿಡಲಾಯಿತು. ನಾನು ಮಾತ್ರ ಕತ್ತಲಿರುವಾಗಲೇ ಎದ್ದು, 580 ಹೆದ್ದಾರಿಯಲ್ಲಿ ತೆವಳುತ್ತ ಪಕ್ಕದ ಡಬ್ಲಿನ್ ಊರಿನ ಬಾರ್ಟ್ ನಿಲ್ದಾಣ ಮುಟ್ಟುವ ಹೊತ್ತಿಗೆ ಕಾರು ನಿಲ್ಲಿಸಲು ಜಾಗವಿಲ್ಲದೆ ಎಷ್ಟೋ ದಿನ ಅಲ್ಲಿಂದಲೇ ಹಿಂದಿರುಗಿದ್ದೇನೆ. ಜಾಗ ಸಿಕ್ಕ 230 ದಿನಗಳಿಗೆ ದಿನಕ್ಕೆ ಮೂರು ಡಾಲರಿನಂತೆ ವರ್ಷಕ್ಕೆ 690 ಡಾಲರ್ ಬರಿಯ ಪಾರ್ಕಿಂಗಿಗೆ ಹೋಯಿತು. ಲೆಕ್ಕದ ಪುಸ್ತಕ ಇನ್ನೂ ನನ್ನ ಬಳಿಯಿದೆ. ನಮ್ಮೂರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಬರುವವರು ಆ ರಸ್ತೆಯನ್ನು ಹಬ್ಬದ ದಿನ ಶಪಿಸುತ್ತಾರೆ, ನಾವು ವಾರವಿಡೀ ಶಪಿಸುತ್ತೇವೆ. ತೆರಿಗೆ 2045ರವರೆಗೆ ಇದೆ.

ಸ್ಯಾನ್ ಹೋಸೆ, 1997ರಿಂದ: ಇದಕ್ಕೇ ಇಷ್ಟು ದುಃಖವೇ? ಸಾಂಟಾ ಕ್ಲಾರಾ ಕೌಂಟಿಗೆ ಬಾರ್ಟ್ ತರಲೆಂದು 2000ದ ಮೆಷರ್ ಎಗೆ ನಾನು ಮತ ಹಾಕಿದಾಗ ಮಗಳು ಇನ್ನೂ ಹೊಟ್ಟೆಯಲ್ಲಿದ್ದಳು. ಮಿಲ್ಪಿಟಾಸ್, ಬೆರಿಯೆಸ್ಸಾ ನಿಲ್ದಾಣಗಳು ತೆರೆದದ್ದು 2020ರ ಜೂನ್ 13ರಂದು, ಕೋವಿಡ್ ಎಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ. ಸ್ಯಾನ್ ಹೋಸೆ ಪೇಟೆಯ ಕೆಳಗಿನ ಬಾರ್ಟ್ ಸುರಂಗದ ಅಂದಾಜು 1,200 ಕೋಟಿ ಡಾಲರನ್ನು ದಾಟಿದೆ, ರೈಲು 2037ಕ್ಕಂತೆ. ನಡುವೆ 2008ರಲ್ಲಿ ಎಂಟನೆಯ ಒಂದು ಸೆಂಟ್, 2016ರಲ್ಲಿ ಮತ್ತೆ ಅರ್ಧ ಸೆಂಟ್. ಆ ಅರ್ಧ ಸೆಂಟ್ ಜಾರಿಯಾದದ್ದು 2017ರ ಏಪ್ರಿಲ್ ಒಂದರಂದು. ಮಾರ್ಚ್‌ನಲ್ಲೇ ಕೊಳ್ಳೋಣ ಎಂದ ಹೆಂಡತಿಯ ಮಾತು ಮೀರಿ ಮೇ ತಿಂಗಳಲ್ಲಿ 32,000 ಡಾಲರಿನ ವ್ಯಾನ್ ಕೊಂಡು 160 ಡಾಲರ್ ಹೆಚ್ಚಿಗೆ ತೆತ್ತೆ; ಇಂದಿಗೂ ಆ ವ್ಯಾನಿಗೆ ಮನೆಯಲ್ಲಿ ‘ನೂರರವತ್ತು’ ಎಂದೇ ಹೆಸರು. ಆದರೂ ಮೂರಕ್ಕೂ ಹೌದು ಎಂದೆ, ಪಶ್ಚಾತ್ತಾಪವಿಲ್ಲ.

ಫ್ರೀಮಾಂಟ್, ಎರಡು ಮತ: ಪಶ್ಚಾತ್ತಾಪ ಏಕಿರಬೇಕು? ನಿಮ್ಮ ಕೌಂಟಿ ಬಾರ್ಟ್ ಜಿಲ್ಲೆಗೆ ಸೇರಲೇ ಇಲ್ಲ. ನಾವು ಅರುವತ್ತರ ದಶಕದಿಂದ ತೆರಿಗೆ ಕೊಟ್ಟು ಕಟ್ಟಿಕೊಂಡ ಹಳಿಯ ತುದಿಗೆ ನಿಮ್ಮದನ್ನು ಜೋಡಿಸಿಕೊಂಡಿರಿ. ನಾನು 2012ರಲ್ಲಿ ನಮ್ಮ ಅಲಮೀಡಾ ಕೌಂಟಿಯ ಸಾರಿಗೆ ತೆರಿಗೆಯ ಮೆಷರ್ ಬಿ1ಕ್ಕೆ ಬೇಡ ಎಂದವನು. ಮೂರನೆಯ ಎರಡು ಭಾಗ ಬೇಕಿತ್ತು, ಬಂದದ್ದು ಶೇಕಡಾ 66.53, 721 ಮತಗಳಿಂದ ಸೋತಿತು. ಆ ತೆರಿಗೆಗೆ ಕೊನೆಯ ದಿನವೇ ಇರಲಿಲ್ಲ. ಎರಡು ವರ್ಷದ ನಂತರ 2045ರ ಗಡಿ ಹಾಕಿಕೊಂಡು ಮೆಷರ್ ಬಿಬಿಯಾಗಿ ಬಂದಾಗ ನಮ್ಮ ಮನೆಯ ಎರಡೂ ಮತ ಅದಕ್ಕೆ ಬಿದ್ದವು, ನಮ್ಮ ಮನೆಯ ಹತ್ತಿರ ಬರಬೇಕಿದ್ದ ಅರ್ವಿಂಗ್ಟನ್ ಬಾರ್ಟ್ ನಿಲ್ದಾಣಕ್ಕೆ 12 ಕೋಟಿ ಡಾಲರ್ ಎಂಬ ಆಸೆಯಿಂದ. ಈಗಲೂ ಫ್ರೀಮಾಂಟ್ ಬಿಟ್ಟ ರೈಲು ಸೆಂಟ್ರಲ್ ಪಾರ್ಕಿನ ಕೆಳಗಿನ ಸುರಂಗದಿಂದ ಹೊರಬಂದು, ನಮ್ಮ ಮನೆಯ ಹತ್ತಿರವೇ ನಿಲ್ಲದೆ ವಾರ್ಮ್ ಸ್ಪ್ರಿಂಗ್ಸಿಗೆ ಹೋಗುತ್ತದೆ.

ಸ್ಯಾನ್ ಹೋಸೆ, 1997ರಿಂದ: ಜೋಡಿಸಿಕೊಂಡಿರಿ ಎನ್ನುವ ಮುನ್ನ ಸ್ವಲ್ಪ ತಿಳಿದುಕೊಳ್ಳಿ ಸ್ವಾಮಿ. ನಮ್ಮ ಕೌಂಟಿಯೊಳಗಿನ ಹಳಿಯನ್ನು ಓಡಿಸುವ ಖರ್ಚಿಗೆಂದೇ 2008ರಲ್ಲಿ ಶೇಕಡಾ 66.78 ಜನ ಬೇರೆ ತೆರಿಗೆ ಒಪ್ಪಿಕೊಂಡರು. ನಿಮ್ಮ 721ಕ್ಕಿಂತ ನಮ್ಮ ಗೆಲುವೇನೂ ಸಲೀಸಾಗಿರಲಿಲ್ಲ.

ಸನಿವೇಲ್ ಪ್ರಯಾಣಿಕಳು: ಇಬ್ಬರೂ ಹಳಿ ಕಟ್ಟುವ ಹಣದ ಮಾತನ್ನೇ ಆಡುತ್ತಿದ್ದೀರಿ. ಈ ಸಲದ ಹಣ ಮುಖ್ಯವಾಗಿ ಇರುವ ರೈಲು, ಬಸ್ಸುಗಳನ್ನು ಓಡಿಸಲಿಕ್ಕೆ. ಕೋವಿಡ್ ನಂತರ ಹಿಂದಿರುಗದ ಪ್ರಯಾಣಿಕರ ಟಿಕೆಟ್ ಹಣದ ಜಾಗವನ್ನು ಏನಾದರೂ ತುಂಬಲೇಬೇಕು. ಸ್ಯಾನ್ ಫ್ರಾನ್ಸಿಸ್ಕೊ-ಸ್ಯಾನ್ ಹೋಸೆ ನಡುವಿನ ರೈಲು ಕಾಲ್‌ಟ್ರೈನಿಗೆ ಎಂಟನೆಯ ಒಂದು ಸೆಂಟ್ ಕೊಡುವ ಮೆಷರ್ ಆರ್‌ಆರ್‌ಗೆ 2020ರಲ್ಲಿ ನಾನು ಮತ ಹಾಕಿದಾಗ ಎಂಟು ತಿಂಗಳಿಂದ ರೈಲಿನ ಮುಖವನ್ನೇ ನೋಡಿರಲಿಲ್ಲ. ಓರಗಿತ್ತಿ ನನ್ನನ್ನು ಹುಚ್ಚಿ ಎಂದಳು. 2024ರ ಸೆಪ್ಟೆಂಬರಿನಿಂದ ವಿದ್ಯುತ್ ರೈಲು ಓಡುತ್ತಿದೆ, ಶನಿವಾರ, ಭಾನುವಾರಗಳಲ್ಲೂ ಅರ್ಧ ಗಂಟೆಗೊಂದು. ಡೀಸೆಲ್ ವಾಸನೆ ಹೊತ್ತ ಕೋಟನ್ನು ಹಿತ್ತಲಲ್ಲಿ ನೇತುಹಾಕಿ ಒಳಗೆ ಬರುತ್ತಿದ್ದ ದಿನಗಳು ಮುಗಿದವು.

ಲಿವರ್ಮೋರ್ ನಿವಾಸಿ: 1864ರಿಂದ ಇದ್ದ ಹಳಿಯ ಮೇಲೆ ತಂತಿ ಎಳೆದದ್ದನ್ನು ಸಾಧನೆ ಎನ್ನಬೇಡಿ ಮೇಡಂ. ಬಾರ್ಟ್ ಹಳಿಯೇ ಬಾರದ ಊರಿನಿಂದ ಬರೆಯುತ್ತಿದ್ದೇನೆ.

ಸನಿವೇಲ್ ಪ್ರಯಾಣಿಕಳು: ಬಾರ್ಟ್ ಹಳಿ ಬಾರದ ಊರಿನಲ್ಲಿ ಏಜೆಂಟನ ಮಾತು ನಂಬಿ ಮನೆ ಕೊಂಡದ್ದಕ್ಕೆ ನಾನು ಹೊಣೆಯಲ್ಲ.

ಫ್ರೀಮಾಂಟ್, ಎರಡು ಮತ: ನಗರಸಭೆಯ ನಿರ್ಣಯ ಕಂಡು ಮರುಳಾಗಬೇಡಿ ಎಂದು ಪ್ರಶ್ನೆ ಕೇಳಿದವರಿಗೆ ಹೇಳಬೇಕಿತ್ತು. ನಗರಸಭೆ ಬೆಂಬಲ ಸೂಚಿಸಬಹುದು, ಪ್ರಚಾರಕ್ಕೆ ಸಾರ್ವಜನಿಕರ ಹಣ ಸುರಿಯುವಂತಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ 1976ರಲ್ಲೇ ಹಾಗೆ ಹೇಳಿದೆ. ನೀವು ನೋಡಬೇಕಾದದ್ದು ಸಹಿಯ ಹಾಳೆಯನ್ನು: ಮತದಾರರ ಸಹಿಯಿಂದ ಬಂದರೆ ಅರ್ಧಕ್ಕಿಂತ ಒಂದು ಮತ ಹೆಚ್ಚಾದರೂ ಗೆಲುವು. ನಮ್ಮ 721 ಮತಗಳಿಗೆ ಇನ್ನು ಆ ಬೆಲೆಯಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆಗಳು. ‘ನೂರರವತ್ತು’ ಓದಿದ ಮೇಲೆ ಒಂದು ಸಂಶಯ ಬಂತು. ಮುಂದಿನ ವರ್ಷ ಕಾರು ಕೊಳ್ಳುವುದಿದೆ. ಈ ತೆರಿಗೆಯಿಲ್ಲದ ಕೌಂಟಿಗೆ ಹೋಗಿ ಕೊಂಡರೆ ಉಳಿಯುತ್ತದೆಯೇ?

ಸ್ಯಾನ್ ಹೋಸೆ, 1997ರಿಂದ: ಉಳಿಯುವುದಿಲ್ಲ. ಕಾರು ಎಲ್ಲಿ ಕೊಂಡರೂ ನೋಂದಾಯಿಸುವ ವಿಳಾಸದ ದರವೇ ಬೀಳುತ್ತದೆ. ಸ್ಯಾಕ್ರಮೆಂಟೊವರೆಗೆ ಹೋಗಿ ಕೇಳಿ ಬಂದಿದ್ದೇನೆ.