‘ಅಂಬುರಾದುಲ್’ ಅಂದರೆ ಬೈಗುಳವಾ?

ಪ್ರಶ್ನೆ, ಬ್ಯಾಡಗಿಯಿಂದ:
ನಮಸ್ಕಾರ ರೀ. ನಾನು ಇಲ್ಲಿ ಮೆಣಸಿನಕಾಯಿ ವ್ಯಾಪಾರದ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇಂಡೋನೇಷ್ಯಾದ ಸುರಬಾಯಾದವರೊಬ್ಬರು ನಮ್ಮಿಂದ ಮಾಲು ತರಿಸಿಕೊಳ್ಳುತ್ತಾರೆ. ಹೋದ ವಾರ ನಾನು ಕಳಿಸಿದ ಪ್ಯಾಕಿಂಗ್ ಲಿಸ್ಟ್‌ನಲ್ಲಿ ಚೀಲದ ನಂಬರ್ ಹಿಂದುಮುಂದಾಗಿದ್ದವು. ‘ಬರಂತಾಕನ್’ ಅಂತ ಮೆಸೇಜ್ ಬಂತು. ತಿದ್ದಿ ಕಳಿಸಿದೆ. ಆಮೇಲೆ ‘ಅಂಬುರಾದುಲ್’ ಅಂತ ಬಂತು. ಮೊಬೈಲ್‌ನಲ್ಲಿ ಹಾಕಿದರೆ ಎರಡಕ್ಕೂ ‘ಅಸ್ತವ್ಯಸ್ತ’ ಅನ್ನುತ್ತದೆ. ಸಿಟ್ಟಾಗಿದ್ದಾರಾ? ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ.

ಉತ್ತರ, ಧಾರವಾಡದಿಂದ:
ತಂಗಿ, ಹೆದರಬೇಡ. ನಾನು ಸುರಬಾಯಾದಲ್ಲಿ 6 ವರ್ಷ ಇದ್ದೆ. ‘ಬರಂತಾಕನ್’ ಅಲ್ಲಿ ದಿನಾ ಕೇಳುವ ಮಾತು. ಮಗ ಪುಸ್ತಕ, ಅಂಗಿ, ಚೆಂಡು ಎಲ್ಲ ಚೆಲ್ಲಾಪಿಲ್ಲಿ ಮಾಡಿದರೆ ತಾಯಿ ಅನ್ನುವುದು ಇದೇ. ಜಾಸ್ತಿ ಆದರೆ ಪಕ್ಕದ ಮನೆಯ ಅಮ್ಮ ‘ಸಪರ್ತಿ ಕಾಪಾಲ್ ಪಚಾಹ್’ ಅನ್ನುತ್ತಿದ್ದರು. ಒಡೆದ ಹಡಗಿನ ಹಾಗೆ ಅಂತ. ನಮ್ಮವ್ವ ‘ಮನೀನ ಸಂತಿ ಮಾಡೀರಿ’ ಅಂತಿದ್ದಳು. ನನಗೆ ಆ ಹಡಗು ಕೇಳಿದಾಗಲೆಲ್ಲ ಅವ್ವ ನೆನಪಾಗುತ್ತಿದ್ದಳು.

‘ಅಂಬುರಾದುಲ್’ ಸ್ವಲ್ಪ ಖಾರ. ಸಾಮಾನು ಹರಡಿದ್ದಕ್ಕಿಂತ ಕೆಲಸ ಕೆಟ್ಟಿದ್ದಕ್ಕೆ ಜಾಸ್ತಿ ಅನ್ನುತ್ತಾರೆ. ತಲೆ ಯಾವುದು, ಬುಡ ಯಾವುದು ತಿಳಿಯದಂತಾದಾಗ. ಬೈಗುಳ ಅಲ್ಲ. ಅಂದದ್ದು ಲಿಸ್ಟಿಗೆ, ನಿನಗಲ್ಲ. ಆದರೆ ಲಿಸ್ಟ್ ಇನ್ನೊಮ್ಮೆ ನೋಡು. ಚೊಕ್ಕ ಅನ್ನುವುದಕ್ಕೆ ಅವರ ಮಾತು ‘ರಾಪಿ’. ‘ಮಾಆಫ್, ಸಾಯಾ ರಾಪಿಕನ್’ ಅಂತ ಬರಿ. ಕ್ಷಮಿಸಿ, ಸರಿಮಾಡುತ್ತೇನೆ ಅಂತ ಅರ್ಥ.

ಉತ್ತರ, ಹುಬ್ಬಳ್ಳಿಯಿಂದ:
ಅಣ್ಣಾವ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನನಗೆ ತುಂಬಾ ಇಷ್ಟವಾದ ಪದ ‘ಸಮ್ರಾವುತ್’. ಜಾವಾ ಭಾಷೆಯಿಂದ ಬಂದದ್ದು. ಕಂಬದ ಮೇಲೆ ಗೋಜಲಾದ ವೈರ್, ಸಿಕ್ಕಿಕೊಂಡ ಟ್ರಾಫಿಕ್, ಇವಕ್ಕೆ ಅನ್ನುತ್ತಾರೆ. ಸಂಜೆ ದುರ್ಗದ ಬೈಲಿನಲ್ಲಿ ನಿಂತು ತಲೆ ಎತ್ತಿ ನೋಡಿ, ಕೆಳಗೂ ನೋಡಿ. ಎರಡೂ ಅದೇ. ಕೆದರಿದ ಕೂದಲಿಗೆ ‘ಅಚಾಕ್-ಅಚಾಕನ್’, ಇಸ್ತ್ರಿ ಇಲ್ಲದ ಅಂಗಿಗೆ ‘ಕುಸುತ್’. ಸಿಕ್ಕಾದ ದಾರಕ್ಕೂ ಅದೇ ಕುಸುತ್. ಇಷ್ಟಕ್ಕೆಲ್ಲ ‘ಅಸ್ತವ್ಯಸ್ತ’ ಒಂದೇ ಸಾಲುತ್ತಾ? ನಮ್ಮಲ್ಲೂ ಚೆಲ್ಲಾಪಿಲ್ಲಿ, ಗೋಜಲು, ರಾಡಿ ಎಲ್ಲ ಬೇರೆ ಬೇರೆ ಅಲ್ವಾ?

ಮತ್ತೆ ಬ್ಯಾಡಗಿಯಿಂದ:
ಅಣ್ಣಾ, ತೆಗೆದು ನೋಡಿದೆ. ಚೀಲದ ನಂಬರ್ ತಿದ್ದಿದ್ದೆ, ಪಕ್ಕದ ತೂಕದ ಸಾಲು ಹಳೆಯದೇ ಉಳಿದಿತ್ತು. ಯಾವ ಚೀಲಕ್ಕೆ ಯಾವ ತೂಕ ಅಂತ ಅವರಿಗೆ ಹೇಗೆ ತಿಳಿಯಬೇಕು? ಎಲ್ಲ ಚೀಲ ಒಂದೊಂದಾಗಿ ತಾಳೆ ಹಾಕಿ, ನೀವು ಹೇಳಿದ ಸಾಲನ್ನೂ ಬರೆದು ಕಳಿಸಿದೆ. ಈಗ ತಾನೇ ಉತ್ತರ ಬಂತು: ‘ಸುದಾಹ್ ರಾಪಿ’. ಚೊಕ್ಕ ಆಯಿತು ಅಂತ ತಾನೇ?