ಸಹಾಯ ಬೇಕು: ಮರದಚ್ಚಿನ ಚಿತ್ರ ಮಾಡುತ್ತಲೇ ಮಾರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮರದ ಹಲಗೆ ಕೆತ್ತಿ, ಕೈಯಿಂದಲೇ ಅಚ್ಚು ಹಾಕಿ ಚಿತ್ರ ಮಾಡುತ್ತೇನೆ. ಒಂದೊಂದು ಬಣ್ಣಕ್ಕೂ ಬೇರೆ ಹಲಗೆ. ಕಾಗದವನ್ನು ಹದವಾಗಿ ಒದ್ದೆ ಮಾಡಿದ ಮೇಲೆ ನಡುವೆ ಎದ್ದು ಹೋಗುವ ಹಾಗಿಲ್ಲ. ಒಣಗಿದರೆ ಕಾಗದ ಕುಗ್ಗುತ್ತದೆ, ಮುಂದಿನ ಬಣ್ಣ ಗೆರೆಗೆ ಸರಿಯಾಗಿ ಕೂರುವುದಿಲ್ಲ. ಅದೇ ಹೊತ್ತಿಗೆ ಆರ್ಡರ್, ಫೋಟೋ, ಪ್ಯಾಕಿಂಗ್ ಅಂತ ಕೆಲಸ ಜಾಸ್ತಿಯಾಗುತ್ತದೆ. ಕೆತ್ತನೆಯಾದರೆ ಸಿಕ್ಕ ಬಿಡುವಿನಲ್ಲೂ ಸಾಗುತ್ತದೆ.

ಮಾರಾಟಕ್ಕೆಂದೇ ವಾರದಲ್ಲಿ ದಿನ ಗೊತ್ತು ಮಾಡಿಕೊಂಡವರು ಇದ್ದೀರಾ? ಗಿರಾಕಿಗಳು ಕಾಯುತ್ತಾರಾ?

ಇನ್ನೊಂದು ವಿಷಯ. ಒಟ್ಟು 30 ಪ್ರತಿ ಎಂದು ಹೇಳಿ, ಮೊದಲು 10 ಮಾತ್ರ ಅಚ್ಚು ಹಾಕಿ, ಉಳಿದದ್ದನ್ನು ಆರ್ಡರ್ ಬಂದಂತೆ ತೆಗೆಯಬಹುದಾ? ಮೊದಲಿನ ಬಣ್ಣವೇ ಮತ್ತೆ ಬರಬೇಕಲ್ವಾ, ನನಗೆ ಅದೇ ಚಿಂತೆ. ಹಾಗೆ ಮಾಡಿದವರು ದಯವಿಟ್ಟು ಬಣ್ಣದ ಅಳತೆ ಹೇಗೆ ಬರೆದಿಡುತ್ತೀರಿ ಎಂದು ತಿಳಿಸಿ.